ತಕ್ಕಡಿಗೆ ಕೇಳಿಸದ ಪ್ರಶ್ನೆ

ಈಗಲೇ ಕೇಳಬೇಕೋ, ಅಥವಾ ಆಗಲೇ ತಡವಾಗಿದೆಯೋ? ಕೇಳುವುದಾದರೆ ಹೇಗೆ ಆರಂಭಿಸುವುದು? ‘ನನಗೊಂದು ಅನುಮಾನ’ ಎಂದೇ? ಅನುಮಾನ ಎಂಬ ಮಾತನ್ನು ಈ ಕೋಣೆಯಲ್ಲಿ ಯಾರೂ ಆಡದೆ ಎಷ್ಟು ಕಾಲವಾಯಿತೋ. ಆಡಿದರೆ ಎಲ್ಲರ ತಲೆ ಒಟ್ಟಿಗೆ ತಿರುಗುತ್ತದೆ. ಅದಕ್ಕಿಂತ ‘ಒಂದು ಸಣ್ಣ ವಿವರಣೆ ಬೇಕಿತ್ತು’ ಎನ್ನಬಹುದು. ಆದರೆ ಯಂತ್ರ ಮೋಸ ಹೋಗುವುದಿಲ್ಲ. ಸಣ್ಣದೆಂದು ಕರೆದ ಮಾತ್ರಕ್ಕೆ ಅದು ಪ್ರಶ್ನೆಯನ್ನು ಸಣ್ಣದಾಗಿ ತೂಗುವುದಿಲ್ಲ. ಹಾಗೆ ಮೋಸ ಹೋಗದಂತೆ ಅದನ್ನು ಕಟ್ಟಿದವನು ತಾನೇ.

ಗುಹೇಶ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅರ್ಧ ಸುತ್ತು ತಿರುಗಿಸಿದ. ಎದುರು ಗೋಡೆಯ ಪರದೆಯಲ್ಲಿ ಹಸಿರು ಬಣ್ಣದಲ್ಲಿ ತೊಂಬತ್ತನಾಲ್ಕು ಎಂಬ ಅಂಕಿ ನಿಂತಿತ್ತು. ಪ್ರಯೋಗಾಲಯದ ನಿರ್ದೇಶಕ ಡಾ. ಪದ್ಮರಾಜಯ್ಯ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಸಭೆ ಮುಗಿಯಲು ಬಂತು ಎಂಬುದಕ್ಕೆ ಅದೇ ಸೂಚನೆ.

“ನೂರಕ್ಕೆ ತೊಂಬತ್ನಾಲ್ಕು. ನಮ್ ಲ್ಯಾಬಿಗೆ ಇಷ್ಟು ಯಾವತ್ತೂ ಬಂದಿರ್ಲಿಲ್ಲ ಕಣ್ರೀ,” ಎಂದರು ಅವರು. “ಇನ್ನೇನಾದ್ರೂ ಕೇಳೋದಿದ್ರೆ ಈಗ್ಲೇ ಕೇಳ್ಬಿಡಿ. ಸಮುದ್ರದ ತಳಕ್ಕೆ ಇಳಿಸಿದ್ಮೇಲೆ ಕೇಳಿದ್ರೆ ನಾನು ಮುಳುಗಿ ನೋಡ್ಕೊಂಡು ಬರಕ್ಕಾಗಲ್ಲ.”

ಎಲ್ಲರೂ ನಕ್ಕರು. ಗುಹೇಶನೂ ನಕ್ಕ. ಅವನ ಬಳಿ ಒಂದೇ ಒಂದು ಪ್ರಶ್ನೆಯಿತ್ತು. ಅದನ್ನು ಕೇಳಿದರೆ ಆ ಹಸಿರು ಅಂಕಿ ಕೆಂಪಾಗುತ್ತದೆ, ಸಿಡಿಗುಂಡುಗಳು ಕಡಲಿಗೆ ಇಳಿಯುವುದಿಲ್ಲ. ಕೇಳದಿದ್ದರೆ ಇಳಿಯುತ್ತವೆ. ಅವುಗಳ ಮೇಲೆ ಅವನ ಹೆಂಡತಿಯ ತಮ್ಮ ದೋಣಿ ಓಡಿಸುತ್ತಾನೆ.

*

ಆ ಯಂತ್ರಕ್ಕೆ ತಕ್ಕಡಿ ಎಂದು ಹೆಸರು. ಈಗಿನ ಯುದ್ಧ ಶುರುವಾಗುವುದಕ್ಕೂ ಮೊದಲು ಗುಹೇಶ ಅದನ್ನು ಕಟ್ಟತೊಡಗಿದ್ದ. ಅವನ ಯೋಚನೆ ಸರಳವಾಗಿತ್ತು. ಸೇನೆಯೊಂದು ಹೊಸ ಆಯುಧ ಮಾಡಲು ನಿರ್ಧರಿಸುತ್ತದೆ. ಆ ನಿರ್ಧಾರ ಒಳ್ಳೆಯದೋ ಕೆಟ್ಟದ್ದೋ ಎಂಬುದು ಜನ ಸತ್ತ ಮೇಲೆಯೇ ಗೊತ್ತಾಗುತ್ತದೆ. ನಿರ್ಧಾರದ ಹೊತ್ತಿನಲ್ಲೇ ಅದನ್ನು ಹೇಳಬಲ್ಲ ಯಂತ್ರವೊಂದು ಇದ್ದರೆ?

ಅಂಥ ಯಂತ್ರಕ್ಕೆ ಕಲಿಯಲು ಹಳೆಯ ನಿರ್ಧಾರಗಳು ಬೇಕು, ಅವುಗಳ ಫಲವೂ ಗೊತ್ತಿರಬೇಕು. ಗೆದ್ದ ದೇಶಗಳು ತಮ್ಮ ಕಡತಗಳಿಗೆ ಬೀಗ ಹಾಕಿಕೊಳ್ಳುತ್ತವೆ. ಸೋತವರಿಗೆ ಆ ಸೌಕರ್ಯವಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೋತ ಜರ್ಮನ್ ಸೇನೆಯ ಕಾಗದಗಳನ್ನು ಗೆದ್ದವರು ಲಾರಿಗಟ್ಟಲೆ ಹೊತ್ತುಕೊಂಡು ಹೋದರು, ಪ್ರತಿ ಮಾಡಿದರು, ಕಾಲ ಕಳೆದ ಮೇಲೆ ಯಾರು ಬೇಕಾದರೂ ಓದಲು ಬಿಟ್ಟರು. ಯಾರು ಏನು ಕೇಳಿದರು, ಯಾರು ಏನು ಹೇಳಿದರು, ಕೊನೆಗೆ ಏನಾಯಿತು, ಎಲ್ಲವೂ ಅಲ್ಲಿತ್ತು. ಗುಹೇಶ ಅವನ್ನೆಲ್ಲ ತಕ್ಕಡಿಗೆ ಉಣಿಸಿದ. ಉಣಿಸುತ್ತ ತಾನೂ ಓದಿದ. ಓದುತ್ತ ಮಾತು ಕಡಿಮೆಯಾಯಿತು ಎಂದು ಹೆಂಡತಿ ಸುಗಂಧಿ ಹೇಳುತ್ತಿದ್ದಳು. ಮದುವೆಗೆ ಮೊದಲೂ ಅವನು ಹೆಚ್ಚೇನೂ ಮಾತಾಡುತ್ತಿರಲಿಲ್ಲ.

ಆ ಸೇನೆ ಸೇತುವೆಗಳು ತಾಳಲಾರದಷ್ಟು ಭಾರದ ಟ್ಯಾಂಕನ್ನು ಕಟ್ಟಿತ್ತು. ನದಿ ಬಂದರೆ ಏನು ಮಾಡುವುದೆಂದರೆ, ನೀರಿನ ತಳದಲ್ಲಿ ನಡೆದು ದಾಟುತ್ತದೆ ಎಂಬ ಉತ್ತರ ಸಿದ್ಧವಿತ್ತು. ಜನ ಹಸಿದಿದ್ದಾಗ ಬೆಟ್ಟದಷ್ಟು ಆಲೂಗಡ್ಡೆಯನ್ನು ಮದ್ಯಸಾರ ಮಾಡಿ ಆಕಾಶಕ್ಕೆ ಹಾರುವ ರಾಕೆಟ್ಟುಗಳಿಗೆ ಕುಡಿಸಿತ್ತು. ಆ ರಾಕೆಟ್ಟು ಬಿದ್ದು ಸತ್ತವರಿಗಿಂತ ಅದನ್ನು ಕಟ್ಟುವ ಸುರಂಗದಲ್ಲಿ ಸತ್ತ ಕೈದಿಗಳೇ ಹೆಚ್ಚು. ಇನ್ನು ಟಾರ್ಪೆಡೊ. ಅದನ್ನು ಸಿಡಿಸುವ ಕೀಲನ್ನು ಯುದ್ಧಕ್ಕೆ ಮೊದಲು ಹೆಸರಿಗಷ್ಟೇ ಪರೀಕ್ಷಿಸಿ ಒಪ್ಪಿಕೊಂಡಿದ್ದರು. ಯುದ್ಧದಲ್ಲಿ ಕೆಲವು ಹಡಗಿನ ಅಡಿಯಲ್ಲೇ ಹಾದುಹೋದವು, ಕೆಲವು ತಾಗಿಯೂ ಸಿಡಿಯಲಿಲ್ಲ, ಕೆಲವು ದಾರಿಯಲ್ಲೇ ಸಿಡಿದವು. ಜಲಾಂತರ್ಗಾಮಿಯ ನಾಯಕರು ಬಂದು ದೂರಿದರೆ ದಡದಲ್ಲಿದ್ದ ತಜ್ಞರು ಮೊದಲು ಹೇಳಿದ್ದು, ನಿಮಗೆ ಗುರಿಯಿಡಲು ಬರುವುದಿಲ್ಲ ಎಂದು.

ಒಳ್ಳೆಯ ನಿರ್ಧಾರಗಳೂ ಇದ್ದವು. ಗುಹೇಶನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ತಗಡಿನ ಡಬ್ಬ, ಇಂಧನ ಹೊರುವ ಡಬ್ಬ. ಅದನ್ನು ಮಾಡುವ ಮೊದಲು ಹೊರುವವನ ಕೈಯನ್ನು ಯಾರೋ ನೆನೆದಿದ್ದರು.

ತಕ್ಕಡಿಗೆ ಉಕ್ಕು ಗೊತ್ತಿಲ್ಲ, ಮದ್ದು ಗೊತ್ತಿಲ್ಲ. ಅದು ಬೆನ್ನು ಹತ್ತುವುದು ಪ್ರಶ್ನೆಗಳನ್ನು. ಯಾರೋ ಒಂದು ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಉತ್ತರ ಬಂತೇ, ಉತ್ತರದ ಬದಲು ಗದರಿಕೆ ಬಂತೇ, ಕೇಳಿದವನು ಮುಂದಿನ ಸಭೆಯಲ್ಲಿ ಮತ್ತೆ ಕೇಳಿದನೇ, ಅಥವಾ ಸುಮ್ಮನಾದನೇ? ಕೆಟ್ಟ ಆಯುಧಗಳ ಹಿಂದೆಲ್ಲ ಹೀಗೆ ಸತ್ತ ಪ್ರಶ್ನೆಯೊಂದು ಬಿದ್ದಿರುತ್ತದೆ ಎಂಬುದನ್ನು ತಕ್ಕಡಿ ತಾನಾಗಿ ಕಂಡುಕೊಂಡಿತು. ಉತ್ತರ ಸಿಗದ ಪ್ರತಿ ಪ್ರಶ್ನೆಗೂ ಅಂಕ ಕಳೆಯುವುದು ಅದರ ಲೆಕ್ಕ. ಅದು ಗೊತ್ತಾದ ದಿನ ಗುಹೇಶ ಖುಷಿಯಿಂದ ಒಬ್ಬನೇ ಕಡಲ ದಂಡೆಯಲ್ಲಿ ದೂರ ನಡೆದಿದ್ದ.

ಯುದ್ಧ ಬಂದಾಗ ಸರ್ಕಾರ ತಕ್ಕಡಿಯನ್ನು ಎಲ್ಲ ಸಮಿತಿ ಕೋಣೆಗಳಲ್ಲೂ ಕೂರಿಸಿತು. ಕೋಣೆಯಲ್ಲಿ ಆಡಿದ ಪ್ರತಿ ಮಾತನ್ನೂ ಅದು ಕೇಳಿಸಿಕೊಳ್ಳುತ್ತಿತ್ತು. ಮೊದಮೊದಲು ಅದರಿಂದ ಒಳ್ಳೆಯದೇ ಆಯಿತು. ಆಮೇಲೊಮ್ಮೆ ರುಖಿಯಾ ನದಾಫ್ ಎಂಬ ಗದಗ ಕಡೆಯ ಹುಡುಗಿ, ಧ್ವನಿ ವಿಭಾಗದ ಎಂಜಿನಿಯರ್, ಒಂದು ಯೋಜನೆಯ ಬ್ಯಾಟರಿಯ ಬಗ್ಗೆ ಏನೋ ಕೇಳಿದಳು. ಯಾರ ಬಳಿಯೂ ಉತ್ತರವಿರಲಿಲ್ಲ. ಅಂಕ ಅರ್ಧಕ್ಕೆ ಇಳಿಯಿತು. ಯೋಜನೆ ನಿಂತಿತು, ಅದನ್ನೇ ನಂಬಿದ್ದ ಹಲವರನ್ನು ಮನೆಗೆ ಕಳಿಸಿದರು. ಅದಾದ ಮೇಲೆ ಬಹಳ ದಿನ ಟೀ ಹೊತ್ತಿನಲ್ಲಿ ರುಖಿಯಾಳ ಪಕ್ಕ ಯಾರೂ ಕೂರಲಿಲ್ಲ.

ಆಗ ಹೊಸದೊಂದು ರೂಢಿ ಬೆಳೆಯಿತು. ಯಾರೂ ಅದನ್ನು ತೀರ್ಮಾನಿಸಿ ಮಾಡಿದ್ದಲ್ಲ. ಕ್ಯಾಂಟೀನಿನ ಹಿಂದೆ ಒಂದು ಬಾದಾಮಿ ಮರವಿತ್ತು. ಸಭೆಗೆ ಮೊದಲು ಎಲ್ಲರೂ ಆ ಮರದ ಕೆಳಗೆ ನಿಂತು ಟೀ ಕುಡಿಯುತ್ತ ತಮ್ಮ ತಮ್ಮ ಅನುಮಾನಗಳನ್ನು ಹೇಳಿಕೊಳ್ಳುತ್ತಿದ್ದರು. ಕೆಲವನ್ನು ಅಲ್ಲೇ ಸರಿಪಡಿಸುತ್ತಿದ್ದರು, ಉಳಿದವನ್ನು ಅಲ್ಲೇ ಬಿಟ್ಟು ಒಳಗೆ ಬರುತ್ತಿದ್ದರು. ಒಳಗೆ ಯಾರೂ ಏನೂ ಕೇಳುತ್ತಿರಲಿಲ್ಲ. ಅಂಕ ಏರುತ್ತ ಹೋಯಿತು.

ತಪ್ಪು ಯಂತ್ರದ್ದಲ್ಲ. ಆ ಜರ್ಮನ್ನರು ಭಯದಲ್ಲಿ ಬದುಕಿದವರಾದರೂ ಮೊದಲ ಸಲವಾದರೂ ಯಾರೋ ಒಬ್ಬ ಬಾಯಿ ಬಿಟ್ಟಿರುತ್ತಿದ್ದ. ಯಾರೂ ಏನನ್ನೂ ಕೇಳದ ಸಭೆಯನ್ನು ತಕ್ಕಡಿ ಕಂಡೇ ಇರಲಿಲ್ಲ. ಪ್ರಶ್ನೆಯೇ ಇಲ್ಲವೆಂದರೆ ಅದಕ್ಕೆ ಕಳೆಯಲು ಏನೂ ಇಲ್ಲ. ಗುಹೇಶನಿಗೆ ಇದು ಅರ್ಥವಾಗಿತ್ತು. ಆದರೆ ತಕ್ಕಡಿಯನ್ನು ಎಲ್ಲರೂ ಹೊಗಳುತ್ತಿದ್ದ ದಿನಗಳು ಅವು.

*

ಕರಾವಳಿಯಲ್ಲಿ ಮೀನುಗಾರಿಕೆ ನಿಂತು ಆರೇಳು ತಿಂಗಳಾಗಿತ್ತು. ಶತ್ರುವಿನ ಸೈನಿಕರನ್ನು ಹೊತ್ತ ಹಡಗುಗಳು ದಡಕ್ಕೆ ನುಗ್ಗಬಹುದೆಂಬ ಭಯದಿಂದ ಸರ್ಕಾರ ಕಡಲಿಗೆ ಯಾರೂ ಇಳಿಯಬಾರದೆಂದು ಆಜ್ಞೆ ಹೊರಡಿಸಿತ್ತು. ದಕ್ಕೆಯಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಐಸ್ ಕಾರ್ಖಾನೆ ಮುಚ್ಚಿತ್ತು. ಸುಗಂಧಿಯ ತವರು ಅಲ್ಲೇ ದಕ್ಕೆಯ ಪಕ್ಕ. ಅವಳ ತಮ್ಮ ಭೋಜನಿಗೆ ಎರಡು ಬೋಟುಗಳಿದ್ದವು, ಎರಡಕ್ಕೂ ಜಲರಾಣಿ ಎಂದೇ ಹೆಸರು.

ಒಂದು ಭಾನುವಾರ ಗುಹೇಶ ಅಲ್ಲಿಗೆ ಹೋದಾಗ ಭೋಜ ಎಂಜಿನ್ನಿಗೆ ಎಣ್ಣೆ ಹಾಕುತ್ತಿದ್ದ. ಗುಹೇಶ ಅಲ್ಲಿದ್ದ ಡೀಸೆಲ್ ಡಬ್ಬದ ಮೇಲೆ ಕುಳಿತ.

“ಹ್ವಾಯ್ ಭಾವ, ಅದ್ರ್ ಮೇಲ್ ಕೂಕಣ್ಬೇಡಿ. ಅದ್ ಮಿಲಿಟ್ರಿ ಮಾಲ್. ಹುಬ್ಬಳ್ಳಿ ಗುಜರಿ ಅಂಗಡಿಯಂಗೆ ತಂದದ್ದ್. ನಿಮ್ಮಂತ ದೊಡ್ ಆಫೀಸರ್ ಕೂತ್ರೆ ಚಪ್ಪಟಿ ಆತ್ತ್.”

ಗುಹೇಶ ಎದ್ದು ಡಬ್ಬವನ್ನು ನೋಡಿದ. ಅವನ ಮುಖ ಅರಳಿತು. “ಇದು ಜರ್ಮನ್ನರ ಡಬ್ಬ ಕಣೋ. ಅಂದ್ರೆ ಇದೇ ಅಲ್ಲ, ಇದರ ಅಚ್ಚು. ಮೇಲೆ ಮೂರು ಹಿಡಿಕೆ ಯಾಕಿದಾವೆ ಗೊತ್ತಾ? ತುಂಬಿದ್ದನ್ನ ಇಬ್ರು ಎರಡು ಕಡೆ ಹಿಡ್ಕೊಂಡು ಹೋಗ್ಬಹುದು. ಖಾಲಿ ಆದ್ರೆ ಒಬ್ನೇ ಒಂದೊಂದು ಕೈಲಿ ಎರಡೆರಡು. ಒಳಗೆ ಸ್ವಲ್ಪ ಗಾಳಿ ನಿಲ್ಲೋ ಹಾಗೆ ಮಾಡಿದಾರೆ. ತುಂಬಿದ್ರೂ ನೀರಲ್ಲಿ ತೇಲ್ತದೆ.”

“ಹೌದಾ? ಅವ್ರ್ ಯುದ್ಧ ಗೆದ್ರಾ?”

“ಇಲ್ಲ, ಸೋತರು.”

“ಮತ್ತೆಂತಕ್ಕೆ ಇಷ್ಟ್ ಹೊಗಳ್ತ್ರಿ ಮಾರಾಯ್ರೆ? ಡಬ್ಬಿ ಮಾಡ್ಕಂಡ್ ಸುಮ್ನ್ ಕೂಕಂಡಿದ್ರೆ ಸಾಕಿತ್ತ್ ಅವ್ರಿಗೆ.”

ಗುಹೇಶ ಬಹಳ ದಿನಗಳ ಮೇಲೆ ಜೋರಾಗಿ ನಕ್ಕ. ಭೋಜ ಕೈ ಒರೆಸಿಕೊಂಡು ಹತ್ತಿರ ಬಂದು ದನಿ ತಗ್ಗಿಸಿದ. “ಅದಿರ್ಲಿ. ನಿಮ್ ಬಾಂಬ್ ಯಾವಾಗ್ ರೆಡಿ ಆತ್ತ್?”

“ಯಾವ ಬಾಂಬು?”

“ಹೋ, ಗುಟ್ಟ್! ಇಡೀ ದಕ್ಕೆಗೆ ಗೊತ್ತಿತ್ತ್ ಭಾವ. ಹಡಗ್ ಬಂದ್ರೆ ಮಾತ್ರ ಸಿಡಿತ್ತ್, ನಮ್ ಬೋಟಿಗೆ ಎಂತ ಮಾಡುದಿಲ್ಲ ಅಂಬ್ರ್. ಅದ್ ಆದ್ರೆ ನಮ್ಮನ್ ಕಡ್ಲಿಗ್ ಬಿಡ್ತ್ರ್ ಅಂಬ್ರಲೆ? ಬೇಗ ಮಾಡಿ. ಹಲಗಿ ಒಣಗಿ ಬಿರುಕ್ ಬಿಡ್ತಾ ಇತ್ತ್. ಅಮ್ಮನ ಬಳೆ ಸೈತ ಬ್ಯಾಂಕಂಗ್ ಅಡವಿತ್ತ್.”

ದಕ್ಕೆಯವರಿಗೆ ಗೊತ್ತಿದ್ದದ್ದು ನಿಜವೇ ಆಗಿತ್ತು. ಗುಡ್ಡದ ಮೇಲಿನ ಪ್ರಯೋಗಾಲಯದಲ್ಲಿ ತಯಾರಾಗುತ್ತಿದ್ದದ್ದು ಕಡಲ ತಳದ ಕೆಸರಿನಲ್ಲಿ ಅರ್ಧ ಹೂತು ಕೂರುವ ಸಿಡಿಗುಂಡು. ಬಲೆ ಮೇಲೆ ಹಾದರೂ ಸಿಕ್ಕಿಕೊಳ್ಳದಂತೆ ನುಣ್ಣಗೆ, ಗುಮ್ಮಟದ ಹಾಗೆ ಇತ್ತು. ಅದು ಕಿವಿಗೊಟ್ಟು ಕೇಳುತ್ತದೆ. ಮೀನು ಬೋಟಿಗೆ ಒಂದೇ ಪ್ರೊಪೆಲ್ಲರ್. ಸದ್ದು ಹಗುರ, ಚುರುಕು. ಸೈನಿಕರನ್ನು ಇಳಿಸುವ ಹಡಗಿಗೆ ಜೋಡಿ ಪ್ರೊಪೆಲ್ಲರ್. ಸದ್ದು ನಿಧಾನ, ಭಾರ. ಎರಡು ಪ್ರೊಪೆಲ್ಲರ್‌ಗಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುವಾಗ ಎರಡು ಸದ್ದೂ ಬೆರೆತು ಉಬ್ಬಿ ತಗ್ಗುವ ಮೂರನೆಯ ಸದ್ದೊಂದು ಹುಟ್ಟುತ್ತದೆ. ಸಿಡಿಗುಂಡು ಕಾಯುವುದು ಆ ಮೂರನೆಯ ಸದ್ದಿಗೆ. ಅದಕ್ಕೆ ಕಲಿಸಲೆಂದು ದಕ್ಕೆಯ ಬೋಟುಗಳನ್ನೆಲ್ಲ ಒಂದೊಂದಾಗಿ ಓಡಿಸಿ ಸದ್ದು ಹಿಡಿದಿದ್ದರು.

“ಸಂಜೀವಾ, ಎರಡ್ನೇದ್ ಸ್ಟಾರ್ಟ್ ಮಾಡಾ!” ಎಂದು ಭೋಜ ಕೂಗಿದ.

ಪಕ್ಕದ ಬೋಟಿನಲ್ಲಿದ್ದ ಜೊತೆಗಾರ ಎಂಜಿನ್ ಎಬ್ಬಿಸಿದ. ಭೋಜ ತನ್ನದನ್ನೂ ಎಬ್ಬಿಸಿ ಕಿವಿ ಕೊಟ್ಟು ನಿಂತ. “ಇನ್ ಚೂರ್ ಏರ್ಸ್. ಸಾಕ್ ಸಾಕ್. ಚೂರ್ ಇಳ್ಸ್.”

“ಏನು ಮಾಡ್ತಿದೀಯ?” ಎಂದು ಗುಹೇಶ ಕೇಳಿದ.

“ಜೋಡಿ ಕೂರ್ಸುದ್. ಎರಡ್ ಬೋಟಿಗ್ ಒಂದೇ ಬಲಿ ಕಟ್ಟಿ ಎಳುದಲ್ದಾ? ಒಂದ್ ಜೋರ್ ಹೋಯ್ ಒಂದ್ ಹಿಂದ್ ಬಿದ್ರೆ ಬಲಿ ಓರೆ ಆತ್ತ್. ಒಬ್ನೇ ಹೋರೆ ಡೀಸೆಲ್ ಖರ್ಚೂ ಹುಟ್ಟುದಿಲ್ಲ.” ಅವನು ಕಣ್ಣು ಮಿಟುಕಿಸಿದ. “ಕಾನೂನಂಗ್ ಇಲ್ಲ. ಮರಿ ಮೀನೆಲ್ಲ ಬಳ್ಕಂಡ್ ಬತ್ತ್ ಅಂದೇಳಿ ಬಂದ್ ಮಾಡಿದ್ರ್. ನೀವ್ ಕಂಡದ್ದ್ ಯಾರಿಗೂ ಹೇಳ್ಬೇಡಿ.”

ಗುಹೇಶನಿಗೆ ಆ ಮಾತು ಅರ್ಧವೇ ಕೇಳಿಸಿತು. ಎರಡು ಎಂಜಿನ್ನುಗಳ ನಡುವೆ ಆ ಮೂರನೆಯ ಸದ್ದು ಎದ್ದಿತ್ತು. ಉಬ್ಬುತ್ತಿತ್ತು, ತಗ್ಗುತ್ತಿತ್ತು. ಭೋಜ ಸರಿಪಡಿಸಿದಷ್ಟೂ ಅದರ ಉಸಿರು ನಿಧಾನವಾಗುತ್ತ ಬಂತು. ಮೀನು ತುಂಬಿದ ಬಲೆ ಎಳೆಯುವಾಗ ಅದು ಇನ್ನೂ ನಿಧಾನ, ಇನ್ನೂ ಭಾರ. ಪ್ರಯೋಗಾಲಯದಲ್ಲಿ ಅವನು ದಿನವೂ ಕೇಳುತ್ತಿದ್ದ ಶತ್ರು ಹಡಗಿನ ಸದ್ದು ಅದೇ.

ಜೋಡಿ ಬೋಟಿನ ಸದ್ದನ್ನು ಯಾರೂ ಹಿಡಿದಿರಲಿಲ್ಲ. ಕಾನೂನಿನಲ್ಲಿ ಇಲ್ಲದ್ದನ್ನು ಹಿಡಿಯುವುದು ಹೇಗೆ?

*

ಮಾರನೆಯ ದಿನ ಬಾದಾಮಿ ಮರದ ಕೆಳಗೆ ರುಖಿಯಾಳಿಗೆ ಇದನ್ನು ಹೇಳಿದಾಗ ಅವಳು ಕೈಯಲ್ಲಿದ್ದ ಟೀ ಕುಡಿಯುವುದನ್ನೇ ಮರೆತಳು.

“ಅಯ್ಯ, ಸರ್! ಇದು ಸಣ್ಣ ಮಾತಲ್ಲ ಬಿಡ್ರಿ. ಒಳಗ ಕೇಳ್ರಿ ನೀವು.”

“ನೀನೇ ಕೇಳು. ಧ್ವನಿ ವಿಭಾಗ ನಿಂದು.”

“ನಾ ಕೇಳಿ ಒಮ್ಮಿ ಪಾಠ ಕಲ್ತೀನ್ರಿ. ಮನ್ಯಾಗ ಅಪ್ಪಾಗ ಹುಷಾರಿಲ್ಲ, ನಂದು ಗುತ್ತಿಗಿ ನೌಕರಿ. ನಾ ಕೇಳಿದ್ರ ‘ಈಕೀದು ಇದ್ದದ್ದs’ ಅಂತಾರ. ತಕ್ಕಡಿ ಕಟ್ಟಿದಾಂವ ಕೇಳಿದ್ರ ಬ್ಯಾರೇನs ಆಗ್ತದ.” ಅವಳು ಟೀಯನ್ನು ಮರದ ಬುಡಕ್ಕೆ ಚೆಲ್ಲಿದಳು. “ಇಲ್ಲಿ ಹೇಳಿದ್ದನ್ನ ಈ ಮರ ಕೇಳಿಸ್ಕೊಂತದ, ಸರ್. ಮರದ ಮಾತಿಗಿ ಅಂಕ ಇಲ್ರಿ.”

“ಕೇಳ್ತೀನಿ,” ಎಂದ ಗುಹೇಶ.

ಹಾಗೆ ಅಂದದ್ದು ನಿಜವೇ. ಕೇಳಬೇಕೆಂದೇ ಅವನು ಸಭೆಗೆ ಬಂದ. ಬಂದು ಕೂತ ಮೇಲೆ ಒಂದೊಂದಾಗಿ ಬೇರೆ ವಿಷಯಗಳು ಬಂದು ಪಕ್ಕದಲ್ಲಿ ಕೂತವು. ಕೇಳಿದರೆ ಎಲ್ಲವೂ ಮೊದಲಿನಿಂದ ಆಗಬೇಕು. ಮಳೆಗಾಲ ದಾಟಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ದಕ್ಕೆ ಮುಚ್ಚಿಯೇ ಇರುತ್ತದೆ. ಕೇಳಿದರೆ ಜೋಡಿ ಬೋಟಿನ ಸಂಗತಿ ನಿನಗೆ ಹೇಗೆ ಗೊತ್ತಾಯಿತೆಂದು ಕೇಳುತ್ತಾರೆ. ಹೆಂಡತಿಯ ತಮ್ಮನ ಹೆಸರು ಹೇಳಬೇಕಾಗುತ್ತದೆ. ಕೇಳಿದರೆ, ತೊಂಬತ್ತನಾಲ್ಕು ಕೊಟ್ಟ ತಕ್ಕಡಿ ಕಿವುಡು ಎಂದು ಅದನ್ನು ಕಟ್ಟಿದವನೇ ಎಲ್ಲರೆದುರು ಒಪ್ಪಿಕೊಂಡ ಹಾಗಾಗುತ್ತದೆ. ಇದರಲ್ಲಿ ಯಾವುದು ಅವನ ನಾಲಗೆಯನ್ನು ಹಿಡಿಯಿತೆಂದು ಅವನಿಗೆ ಆಮೇಲೂ ತಿಳಿಯಲಿಲ್ಲ. ಮೊದಲನೆಯದೇ ಎಂದುಕೊಂಡರೆ ನಿದ್ದೆ ಬರುತ್ತಿತ್ತು.

ಪದ್ಮರಾಜಯ್ಯ ಕನ್ನಡಕ ಹಾಕಿಕೊಂಡರು. “ಏನ್ರೀ ಗುಹೇಶ್, ಏನೋ ಹೇಳೋ ಹಂಗಿದೀರಲ್ಲ?”

ರುಖಿಯಾ ತಲೆ ಎತ್ತಿದಳು.

“ಏನಿಲ್ಲ ಸರ್. ನೀರು ಕುಡಿಯೋಣ ಅಂತ,” ಎಂದು ಅವನು ಲೋಟ ಎತ್ತಿಕೊಂಡ.

ತಕ್ಕಡಿ ಆ ಮಾತನ್ನೂ ಕೇಳಿಸಿಕೊಂಡಿತು. ಅಂಕಿ ಅಲುಗಲಿಲ್ಲ.

*

ಸಿಡಿಗುಂಡುಗಳು ಕಡಲಿಗೆ ಇಳಿದವು, ನಿಷೇಧ ತೆರವಾಯಿತು. ಮೊದಲ ಬೋಟುಗಳು ಹಿಂದಿರುಗಿದ ದಿನ ದಕ್ಕೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಿಂಗಳುಗಟ್ಟಲೆ ಯಾರೂ ಮುಟ್ಟದ ಕಡಲು ಕೈತುಂಬ ಕೊಟ್ಟಿತ್ತು. ಭೋಜ ಒಂದು ಬುಟ್ಟಿ ಬಂಗುಡೆಯನ್ನು ಅಕ್ಕನ ಕ್ವಾರ್ಟರ್ಸಿಗೆ ತಾನೇ ಹೊತ್ತು ತಂದ. ಸುಗಂಧಿ ಹಿತ್ತಲ ಕಲ್ಲಿನ ಮೇಲೆ ಮೀನು ಕೊಯ್ಯುತ್ತ ತಮ್ಮನನ್ನು ಬೈಯುತ್ತಿದ್ದಳು. ಅವಳಿಗೆ ಸಂತೋಷವಾದಾಗ ಹಾಗೆ.

“ಒಂದ್ ಬುಟ್ಟಿ ಯಾರ್ ತಿಂಬುಕೆ ತಂದದ್ದಾ? ಇಲ್ ಇಪ್ಪುದ್ ಇಬ್ರ್. ಇವ್ರಂತೂ ಮುಳ್ಳ್ ಹೆಕ್ಕಿ ಹೆಕ್ಕಿ ಒಂದ್ ಮೀನ್ ತಿಂಬುಕೆ ಒಂದ್ ಗಂಟಿ ಮಾಡ್ತ್ರ್.”

“ಭಾವನಿಗೆ ಅಂದೇಳಿಯೇ ತಂದದ್ದ್. ಅವ್ರ್ ಬಾಂಬ್ ಮಾಡಿದ್ಕೆ ನಾವ್ ಉಂಬುದ್.”

ಊಟಕ್ಕೆ ಕೂತಾಗ ಗುಹೇಶ ತಟ್ಟೆ ನೋಡುತ್ತ ಹೇಳಿದ. “ಭೋಜ, ಕೆಲವು ದಿನ ಜೋಡಿ ಬೇಡ. ಒಂಟಿ ಬೋಟಲ್ಲೇ ಹೋಗು.”

“ಎಂತಕ್ಕೆ?”

“ಗಸ್ತು ಜೋರಾಗಿದೆಯಂತೆ. ಹಿಡಿದ್ರೆ ದಂಡ ಹಾಕ್ತಾರೆ.”

ಭೋಜ ನಕ್ಕ. “ಹಿಡುದಾರೆ ಹಿಡಿಲಿ. ಒಂದ್ ಟ್ರಿಪ್ಪಂಗ್ ದಂಡ ಹುಟ್ತ್. ಈ ವರ್ಷದ ಸಾಲ ಒಂಟಿ ಬೋಟಂಗ್ ತೀರುದಿಲ್ಲ ಭಾವ.” ಆಮೇಲೆ ಅವನು ತುತ್ತು ಕೈಯಲ್ಲೇ ಹಿಡಿದು ಗುಹೇಶನ ಮುಖ ನೋಡಿದ. ನಗು ಇರಲಿಲ್ಲ. “ಬೇರೆ ಎಂತಾರೂ ಇತ್ತಾ?”

ಸುಗಂಧಿ ಸಾರಿನ ಸೌಟು ಹಿಡಿದು ನಿಂತಿದ್ದಳು. ಹಿತ್ತಲಲ್ಲಿ ಕಾಗೆಗಳು ಮೀನಿನ ಕರುಳಿಗೆ ಕಚ್ಚಾಡುತ್ತಿದ್ದವು. ಯುದ್ಧಕಾಲದ ಗುಟ್ಟು ಹೊರಗೆ ಹಾಕಿದರೆ ಏನಾಗುತ್ತದೆಂಬ ಕಾಗದಕ್ಕೆ ಗುಹೇಶ ಸಹಿ ಹಾಕಿದ್ದ. ಆ ಹೊತ್ತಿನಲ್ಲಿ ಅವನಿಗೆ ನೆನಪಾದದ್ದು ಆ ಕಾಗದವೂ ಅಲ್ಲ. ಹೇಳಿದರೆ, ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಇವನು ಕೇಳುತ್ತಾನೆ, ಅಷ್ಟೇ.

“ಏನಿಲ್ಲ,” ಎಂದ. “ಇನ್ನೊಂದು ಮೀನು ಹಾಕಿಸ್ಕೋ.”

*

ನಿಯಂತ್ರಣ ಕೊಠಡಿಯಲ್ಲಿ ಗಂಟೆ ಮೊಳಗಿದಾಗ ಬೆಳಗಿನ ಪಾಳಿಯವರು ಇನ್ನೂ ತಿಂಡಿ ತಿನ್ನುತ್ತಿದ್ದರು. ಪರದೆಯ ಮೇಲೆ ಸಾಲೊಂದು ಮೂಡಿತು: ಜೋಡಿ ಪ್ರೊಪೆಲ್ಲರ್ ನೌಕೆ, ಗುರುತು ಖಚಿತ, ಧ್ವಂಸ. ಆಮೇಲೆ ಕೋಣೆ ಒಡೆದುಹೋಗುವಂತೆ ಚಪ್ಪಾಳೆ. ಯಾರೋ ಯಾರನ್ನೋ ಎತ್ತಿಕೊಂಡರು. ಪದ್ಮರಾಜಯ್ಯ ಓಡಿಬಂದು ಗುಹೇಶನ ಕೈ ಹಿಡಿದು ಕುಲುಕಿದರು.

“ಮೊದಲ್ನೇ ಏಟಿಗೇ ಕಣ್ರೀ! ತಕ್ಕಡಿ ಸುಳ್ಳು ಹೇಳಲ್ಲ! ಯಾರಾದ್ರೂ ಹೋಗಿ ಸ್ವೀಟು ತಗೊಂಬನ್ನಿ, ಒಳ್ಳೆ ಅಂಗಡಿದು!”

ಗುಹೇಶ ಸದ್ದಿನ ದಾಖಲೆಯನ್ನು ಕಿವಿಗೆ ಹಾಕಿಕೊಂಡ. ಉಬ್ಬುತ್ತಿತ್ತು, ತಗ್ಗುತ್ತಿತ್ತು. ನಡುವೆ ಒಂದು ಕಡೆ ಒಂದು ಎಂಜಿನ್ ಚೂರು ಏರಿತು, ಕೂಡಲೇ ಇಳಿಯಿತು. ಯಾರೋ ‘ಸಾಕ್ ಸಾಕ್’ ಅಂದಿರಬೇಕು. ಹಡಗಿನಲ್ಲಿ ಹಾಗೆ ಸರಿಪಡಿಸುವುದಿಲ್ಲ.

ಅವನು ಕಿವಿಯಿಂದ ಅದನ್ನು ತೆಗೆದಾಗ ಕೋಣೆಯಲ್ಲಿ ಚಪ್ಪಾಳೆ ತಟ್ಟದೆ ನಿಂತಿದ್ದವಳು ರುಖಿಯಾ ಒಬ್ಬಳೇ. ಅವಳು ಅವನನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಕೆಳಗೆ ಮಾಡಿದಳು. ಪೇಡೆ ಬಂತು. ಪದ್ಮರಾಜಯ್ಯ ತಾವೇ ಅವನ ಕೈಗೆ ಒಂದನ್ನಿಟ್ಟರು. ಅವನು ತಿಂದ.

ಮಧ್ಯಾಹ್ನದ ಹೊತ್ತಿಗೆ ದಕ್ಕೆಯಿಂದ ಸುದ್ದಿ ಬಂತು. ಎರಡು ಜಲರಾಣಿಗಳು, ಭೋಜ, ಸಂಜೀವ ಮತ್ತು ಅವರ ಜೊತೆ ಹೋಗಿದ್ದ ಆಳುಗಳು. ಅಲೆಗಳು ಹಲಗೆಯ ಚೂರುಗಳನ್ನೂ ಬಲೆಯ ಬೆಂಡುಗಳನ್ನೂ ತಂದು ಹಾಕಿದವು. ಜನರಲ್ಲಿ ಯಾರೂ ಬರಲಿಲ್ಲ. ಸಂಜೆಗೆ ತೇಲಿ ಬಂದದ್ದು ಒಂದು ಡಬ್ಬ. ಒಂದು ಮಗ್ಗುಲು ತಗ್ಗಿತ್ತು, ಮೂರು ಹಿಡಿಕೆಗಳೂ ಸರಿಯಾಗಿದ್ದವು. ಅದರ ತುಂಬ ಡೀಸೆಲ್ ಇತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ.

*

“ವರದಿ ನೀವೇ ಬರೀರಿ, ಗುಹೇಶ್,” ಎಂದರು ಪದ್ಮರಾಜಯ್ಯ. ಅವರ ದನಿ ನಿಜವಾಗಿಯೂ ಒಡೆದಿತ್ತು. ಕೆಟ್ಟ ಮನುಷ್ಯರಲ್ಲ ಅವರು. “ನಿಮ್ಮ ಮನೆಯವ್ರೇ ಅಂತ ಗೊತ್ತಿದೆ, ಅದಕ್ಕೇ ಹೇಳ್ತಿರೋದು. ಬೇರೆಯವ್ರು ಬರೆದ್ರೆ ಒರಟಾಗಿ ಬರೀತಾರೆ. ಕಾನೂನು ಮೀರಿ ಜೋಡಿಯಾಗಿ ಬಲೆ ಎಳೀತಿದ್ರು, ಅದೊಂದೇ ವಿಷಯ. ಆಯುಧ ಏನು ಮಾಡ್ಬೇಕಿತ್ತೋ ಅದನ್ನ ಮಾಡಿದೆ.”

ನಿಮಗೆ ಗುರಿಯಿಡಲು ಬರುವುದಿಲ್ಲ. ಟಾರ್ಪೆಡೊ ತಜ್ಞರ ಆ ವಾಕ್ಯ ಗುಹೇಶನಿಗೆ ಜರ್ಮನ್ ಭಾಷೆಯಲ್ಲೇ ನೆನಪಾಯಿತು. ಅವನು ವರದಿ ಬರೆದ. ಮೃದುವಾಗಿ ಬರೆದ.

ಆ ಸಭೆಯ ಮಾತುಗಳನ್ನು ಮತ್ತೊಮ್ಮೆ ತಕ್ಕಡಿಗೆ ಹಾಕಿ ನೋಡಿದರು. ತೊಂಬತ್ತನಾಲ್ಕೇ ಬಂತು. ಆಮೇಲೆ ದೊಡ್ಡ ಕಚೇರಿಯವರು ಈ ಪ್ರಕರಣವನ್ನೂ ಅದಕ್ಕೆ ಪಾಠವಾಗಿ ಕಲಿಸಿದರು. ಈಗ ತಕ್ಕಡಿ ಪ್ರಶ್ನೆಯೇ ಇಲ್ಲದ ಸಭೆಗೂ ಅಂಕ ಕಳೆಯುತ್ತದೆ. ಹಾಗಾಗಿ ಬಾದಾಮಿ ಮರದ ಕೆಳಗೆ ಈಗ ಪ್ರಶ್ನೆಗಳನ್ನು ಹಂಚುತ್ತಾರೆ. ಯಾರು ಏನು ಕೇಳಬೇಕು, ಯಾರು ಏನು ಉತ್ತರ ಕೊಡಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಕಳೆದ ಸಭೆಯಲ್ಲಿ ಗುಹೇಶನ ಪಾಲಿಗೆ ಬಂದದ್ದು ತುಕ್ಕು ಹಿಡಿಯದ ಬಣ್ಣದ ಬಗ್ಗೆ ಒಂದು ಪ್ರಶ್ನೆ. ಅವನು ಕೇಳಿದ. ಉತ್ತರ ಬಂತು. ಅಂಕ ತೊಂಬತ್ತಾರಕ್ಕೆ ಏರಿತು. ಅದನ್ನು ನೋಡಲು ರುಖಿಯಾ ಅಲ್ಲಿರಲಿಲ್ಲ. ಗುತ್ತಿಗೆ ಮುಗಿದಿದೆ ಎಂದು ಅವಳನ್ನು ಊರಿಗೆ ಕಳಿಸಿದ್ದರು.

ಡಬ್ಬ ಹಿತ್ತಲ ಬಾಗಿಲ ಪಕ್ಕದಲ್ಲಿದೆ. ಸುಗಂಧಿ ಅದನ್ನು ಖಾಲಿ ಮಾಡಲು ಬಿಡುವುದಿಲ್ಲ. ಮೀನು ತರುವುದನ್ನು ಅವಳು ನಿಲ್ಲಿಸಿದ್ದಾಳೆ. ಒಮ್ಮೆ ಮಾತ್ರ, ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುತ್ತ, ಅವಳು ಕೇಳಿದಳು.

“ಹ್ವಾಯ್, ಅವತ್ತ್ ಜೋಡಿ ಬೇಡ ಅಂದ್ರಿಯಲೆ. ಅದ್ ಎಂತಕ್ಕೆ ಅಂದದ್ದ್?”

“ದಂಡ ಹಾಕ್ತಾರೆ ಅಂತ,” ಎಂದ ಗುಹೇಶ.

“ಹ್ಞಾಂ. ದಂಡ,” ಎಂದು ಅವಳು ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಎರಡು ಬೋಟುಗಳನ್ನು ಜೊತೆಯಾಗಿ ಓಡಿಸಿ ಆ ಸಿಡಿಗುಂಡಿಗೆ ಕೇಳಿಸಿ ನೋಡಿದ್ದೀರಾ ಎಂದು ಅವನು ಆ ಕೋಣೆಯಲ್ಲಿ ಕೇಳಲಿಲ್ಲ. ಜೋಡಿಯಾಗಿ ಹೋದರೆ ಸಾಯುತ್ತೀಯ ಎಂದು ಭೋಜನಿಗೆ ಹೇಳಲಿಲ್ಲ. ನನಗೆ ಗೊತ್ತಿತ್ತು ಎಂದು ಸುಗಂಧಿಗೆ ಅವನು ಎಂದೂ ಹೇಳಲಿಲ್ಲ.